ಭಾನುವಾರದ ಡಬ್ಬಗಳ ಸಾಲು

ಸೋಷಿಯಲ್ ಮೀಡಿಯಾಗೆ ದುಡ್ಡು ಹಾಕಿದರೆ ವ್ಯಾಪಾರಕ್ಕೆ ಲಾಭವಿದೆಯೇ ಎಂದು ಯಾರಾದರೂ ಕೇಳಿದರೆ ಇದೆ ಎಂದೇ ಹೇಳುತ್ತೇನೆ. ಲಾಭ ಯಾರಿಗಾಯಿತು ಎಂದು ಮಾತ್ರ ಅವರು ಕೇಳಬಾರದು. ಶ್ರೀನಿವಾಸಪುರದಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ಲಿದೆ. ಅಪ್ಪ ಹೋದ ಮೇಲೆ ಅದನ್ನು ನಡೆಸಿದವಳು ಅಮ್ಮ. ಸಹಿ ಹಾಕುವಷ್ಟೇ ಓದು. ಆದರೆ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ಮುದ್ದೆ ಹೇಗೆ ಬರುತ್ತದೆಂದು ಹೇಳಬಲ್ಲಳು. ಆ ಹಿಟ್ಟಿನ ದುಡಿಮೆಯಲ್ಲೇ ನನ್ನನ್ನು ದಿನಾ ಬಸ್ಸು ಹತ್ತಿಸಿ ಕೋಲಾರಕ್ಕೆ ಕಳಿಸಿ ಬಿಕಾಂ ಮಾಡಿಸಿದಳು. ನಮ್ಮ ವಂಶಕ್ಕೇ ಮೊದಲ ಪದವಿ. ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಮಿಲ್ಲಿನ ಗೋಡೆಗೇ ತಗುಲಿಹಾಕಿದ್ದೇವೆ. ವಾರಕ್ಕೊಮ್ಮೆ ಒರೆಸದಿದ್ದರೆ ಅದರಲ್ಲಿ ನನ್ನ ಹೆಸರು ಕಾಣುವುದಿಲ್ಲ.

ಮಿಲ್ಲಿನ ಕೆಲಸಕ್ಕೆ ನಾನೂ ಕೂತ ಮೇಲೆ ನನಗಿದ್ದದ್ದು ಒಂದೇ ಆಸೆ. ಓದಿದ್ದು ಉಪಯೋಗಕ್ಕೆ ಬಂತು ಎಂದು ಅಮ್ಮನ ಬಾಯಲ್ಲಿ ಒಂದು ಸಲ ಕೇಳಬೇಕು. ಅಮ್ಮನ ಆಸೆಯೂ ಒಂದೇ. “ಕಲ್ಲು ಸವೆದೈತೆ, ಒಂದು ಡಬ್ಬ ಬೀಸೋಕೆ ಎಷ್ಟೊತ್ತು ನೋಡು. ಮೊದ್ಲು ಹೊಸಾ ಕಲ್ಲು ಹಾಕ್ಸೋ” ಎನ್ನುತ್ತಿದ್ದಳು. ನಾನು ಕಲ್ಲಿನ ದುಡ್ಡನ್ನು ಜಾಹೀರಾತಿಗೆ ಹಾಕಿದೆ. ಒಂದು ಭಾನುವಾರ ಬೆಳಗ್ಗೆ ರಾಗಿ ಡಬ್ಬಗಳ ಸಾಲು ಹೊಸ್ತಿಲಿಂದ ರೋಡಿನವರೆಗೂ ಇತ್ತು. ಅದನ್ನೇ ರೀಲ್ ಮಾಡಿ, ಊರಿನವರ ಫೋನಿಗೆಲ್ಲ ದಿನಾ ಬರುವ ಹಾಗೆ ಏರ್ಪಾಟು ಮಾಡಿದೆ. ಮಾಲೂರು, ಮುಳಬಾಗಿಲಿನ ನೆಂಟರೆಲ್ಲ ಲೈಕ್ ಒತ್ತಿದರು. ಮಿಲ್ಲಿಗೆ ಬರುವವರು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾದರು.

ನಮ್ಮ ಹಳೇ ಗಿರಾಕಿ ರತ್ನಮ್ಮಕ್ಕ ತರಕಾರಿ ಅಂಗಡಿ ಮುಂದೆ ಸಿಕ್ಕಿದರು. ಯಾಕಕ್ಕ ಕಾಣಲೇ ಇಲ್ಲ ಎಂದೆ.

“ಎಲ್ಲಿಂದ ಬರ್ಲಪ್ಪ? ಫೋನಲ್ಲಿ ನೋಡಿದ್ನಲ್ಲ, ರೋಡ್ ತನಕ ಡಬ್ಬ ಐತೆ. ರಷ್ ಇಳೀಲಿ ಅಂತ ಕಾಯ್ತಿದೀನಿ.”

“ಅದು ಭಾನುವಾರದ್ದಕ್ಕ.”

“ಇವತ್ತು ಬೆಳಗ್ಗೇನೂ ಬಂತಲ್ಲ, ಅದೇನ್ ಸುಳ್ಳಾ?”

ಅಮ್ಮನಿಗೆ ಹೇಳದೆ ಇರಬಹುದಿತ್ತು. ಹೇಳಿದೆ. ಅವಳು ಜರಡಿ ಕೆಳಗಿಟ್ಟು ನನ್ನನ್ನೇ ನೋಡಿದಳು. “ದುಡ್ಡು ಕೊಟ್ಟು ಗಿರಾಕೀನ ಮನೇಲೇ ಕೂರಿಸಿದ್ಯಲ್ಲೋ ನಾಯನಾ. ಇದುನ್ನ ಕಲಿಯೋಕೆ ಮೂರು ವರ್ಷ ಬಸ್ ಹತ್ತಿದ್ಯಾ?”

ಜಾಹೀರಾತು ನಿಲ್ಲಿಸಿದೆ. ಆದರೆ ಬಿಕಾಂ ಸುಮ್ಮನಿರಲು ಬಿಡುವುದಿಲ್ಲ. ಜನ ಸಾಲು ನೋಡುತ್ತಾರೆ ತಾನೇ ಎಂದು, ಸಾಲು ಕರಗಿದ ಕೂಡಲೇ ಖಾಲಿ ಹೊಸ್ತಿಲಿನ ಫೋಟೊ ಹಾಕತೊಡಗಿದೆ. ಅದು ಗೆದ್ದಿತು. ಬಿಟ್ಟುಹೋದವರೆಲ್ಲ ವಾಪಸು ಬಂದರು. ಬೆಳಗ್ಗೆ ಒಟ್ಟಿಗೆ ಬರುತ್ತಿದ್ದವರು ದಿನವಿಡೀ ಒಬ್ಬೊಬ್ಬರಾಗಿ ಬರತೊಡಗಿದರು. ಮಧ್ಯಾಹ್ನ ಊಟವಾದ ಮೇಲೆ ಗೋಣಿಚೀಲದ ಮೇಲೆ ಅಮ್ಮ ತೆಗೆಯುತ್ತಿದ್ದ ಒಂದು ಗಂಟೆಯ ನಿದ್ದೆ ಹೋಯಿತು. ಹದಿನೈದು ದಿನ ತಡೆದುಕೊಂಡು, ಒಂದು ಮಧ್ಯಾಹ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ಲೇ, ಆ ಭಾನುವಾರದ್ದು ಇನ್ನೂ ಐತಾ?”

“ಐತಮ್ಮ.”

“ಅದುನ್ನ ಹಾಕು. ಒಂದ್ ಗಂಟೆ ಮಲ್ಕೊಂತೀನಿ.”

ಹಾಕಿದೆ. ಕಾಲು ಗಂಟೆಯಾದರೂ ಒಬ್ಬರೂ ಸುಳಿಯಲಿಲ್ಲ. ಅಮ್ಮ ಚೀಲದ ಮೇಲೆ ಕಾಲು ಚಾಚಿ, ಸೆರಗು ಮುಖಕ್ಕೆಳೆದುಕೊಂಡು, “ಓದ್ಸಿದ್ದುಕ್ಕೂ ಉಪಯೋಗ ಆಯ್ತು ಕಣೋ” ಎಂದಳು. ನಾನು ಇಷ್ಟು ವರ್ಷ ಕಾದಿದ್ದ ಮಾತು. ಅವಳು ಅಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು.

ಆಗ ಮುನಿಯಪ್ಪ ತಾತ ಡಬ್ಬ ಹೊತ್ತು ಬಂದರು. ಅವರಿಗೆ ಫೋನಿಲ್ಲ. “ರೋಡ್ ತನಕ ಜನ ಅವ್ರೆ, ಹೋಗ್ಬೇಡ ಅಂದ್ಲು ಮೊಮ್ಮಗ್ಳು. ಒಬ್ರೂ ಇಲ್ವಲ್ಲೋ?” ಎಂದರು. ಈಗ ತಾನೇ ಹೋದರು ತಾತ ಎಂದು ಹೇಳಿ ಮಿಲ್ಲು ಹಾಕಿದೆ. ಅಮ್ಮನಿಗೆ ಮಿಲ್ಲಿನ ಸದ್ದಿಗೆ ಎಚ್ಚರವಾಗುವುದಿಲ್ಲ, ಸದ್ದು ನಿಂತರೆ ಆಗುತ್ತದೆ. ತಾತನ ಒಂದು ಡಬ್ಬ ರಾಗಿ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಕಲ್ಲು ಬದಲಾಯಿಸದೆ ಜಾಹೀರಾತಿಗೆ ದುಡ್ಡು ಹಾಕಿದ್ದು ಎಂಥ ದೂರಾಲೋಚನೆ ಎಂದು ನನಗೆ ಆಗ ತಿಳಿಯಿತು.