ನೂರಕ್ಕೆ ಎರಡು ಅಂಕದ ಜುಣಕ

ಮಾಸ್ತರಿಕೆ ಮಾಡುವವರಿಗೆ ಅಂಕ ಕೊಡುವುದು ಗೊತ್ತಿರುತ್ತದೆಯೇ ಹೊರತು ತೆಗೆದುಕೊಳ್ಳುವುದು ಮರೆತೇ ಹೋಗಿರುತ್ತದೆ. ನಾನು ಕಾಗವಾಡದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನೂರಕ್ಕೆ ಎರಡು ತೆಗೆದ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ, "ಇದರಾಗ ಒಂದು ನೀ ಹೆಸರು ಬರದದ್ದಕ್ಕ, ಇನ್ನೊಂದು ನನ್ನ ಕನಿಕರಕ್ಕ" ಎಂದು ಇಡೀ ತರಗತಿಯನ್ನು ನಗಿಸಿದ ಪುಣ್ಯ ನನ್ನ ಪಾಲಿಗಿದೆ. ಅದು ತಿರುಗಿ ಬಂದದ್ದು ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅಪ್ಪಾಸಾಹೇಬರ ಬಾಯಿಂದ. ಅಂತರ್ಜಾಲದಲ್ಲಿ ನಾನೊಂದು ಅಡುಗೆಯ ಪುಟ ಮಾಡಿಕೊಂಡಿದ್ದೆ. ಯಾರು ಹುಡುಕಿದರೂ ಅದು ಮೇಲೆ ಬರುತ್ತಿರಲಿಲ್ಲ. ಯಾಕೆಂದು ನೋಡಲು ಅವರು ಅದರ ವಿಳಾಸವನ್ನು ಯಾವುದೋ ತಾಣದಲ್ಲಿ ಹಾಕಿ, ರೋಗಿಯ ನಾಡಿ ಹಿಡಿದ ಡಾಕ್ಟರರ ಮುಖ ಮಾಡಿಕೊಂಡು, "ನಿಮ್ಮ ಪೇಜಿನ ಅಥಾರಿಟಿ ಎರಡು ಐತಿ ನೋಡ್ರಿ ಅಕ್ಕಾರ" ಎಂದರು.

"ಹತ್ತಕ್ಕೇನ್ರಿ?"

"ನೂರಕ್ಕರಿ."

ಅಥಾರಿಟಿ ಅಂದರೇನು ಎಂದು ನಾನು ಕೇಳಿದ್ದೇ ತಪ್ಪಾಯಿತು. ಅಪ್ಪಾಸಾಹೇಬರು ಕುರ್ಚಿ ತಿರುಗಿಸಿಕೊಂಡು ಕೂತರು. "ಅಕ್ಕಾರ, ಹೆಣ್ಣ ಕೊಡೂಮುಂದ ಹುಡುಗನ ಮನಿತನ ವಿಚಾರಸ್ತೀವಲ್ಲರಿ, ಅದನ್ನೇನು ಹುಡುಗನ್ನs ಕೇಳ್ತೀವೇನು? ಊರಾಗ ನಾಕ ಮಂದಿನ್ನ ಕೇಳ್ತೀವಿ. ಕಟ್ಟಿ ಮ್ಯಾಲ ಇಸ್ಪೀಟ್ ಆಡವ್ರು ಹತ್ತ ಮಂದಿ ಚಲೋ ಅಂದ್ರೂ ಬಿಟ್ಟಬಿಡ್ತೀವಿ, ಗೌಡ್ರ ಒಬ್ರು ಚಲೋ ಅಂದ್ರ ಮುಗದs ಹೋತು. ಇಲ್ಲೂ ಹಂಗs. ಬ್ಯಾರೆ ತಾಣದವ್ರು ನಿಮ್ಮ ಪೇಜಿಗಿ ಲಿಂಕ್ ಹಾಕಿ, ಇಲ್ಲಿ ಹೋಗಿ ಓದ್ರಿ ಅನ್ನಬೇಕು. ಹಾಕಿದವ್ರ ತೂಕ ಎಷ್ಟೋ, ನಿಮ್ಮ ತೂಕ ಅಷ್ಟು."

"ನನಗ ಎಷ್ಟ ಮಂದಿ ಹಾಕ್ಯಾರ್ರಿ?"

"ನಾ ಒಬ್ಬಾಂವರಿ, ನಮ್ಮ ಅಂಗಡಿ ಪೇಜಿನಾಗ," ಎಂದು ಅವರು ಕೀಲಿಮಣೆಯ ಧೂಳು ಊದಿದರು. ಅಂದರೆ ಕಟ್ಟೆಯ ಮೇಲಿನ ಹತ್ತು ಮಂದಿಯೂ ನನಗೆ ಗಿಟ್ಟಿರಲಿಲ್ಲ.

ನನ್ನ ಪುಟದಲ್ಲಿದ್ದದ್ದು ಒಂದೇ ಅಡುಗೆ, ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಇಲ್ಲದ ಜುಣಕ. ಕಡಲೆ ಹಿಟ್ಟನ್ನು ಒಗ್ಗರಣೆಯಲ್ಲಿ ಕುದಿಸಿ ಗಟ್ಟಿ ಮಾಡಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ, ಬಡವರಿಗೂ ಸಾಹುಕಾರರಿಗೂ ಸಲ್ಲುವ ಪದಾರ್ಥ. ಈ ಅಡುಗೆಯನ್ನು ಹುಡುಕಿದರೆ ಎಲ್ಲರಿಗಿಂತ ಮೇಲೆ ಬರುತ್ತಿದ್ದ ದೊಡ್ಡ ತಾಣದ ಅಥಾರಿಟಿ ಎಂಬತ್ತರ ಮೇಲಿತ್ತು. ಉಳ್ಳಾಗಡ್ಡಿ ಇಲ್ಲದ ಜುಣಕ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಬೇಕಾಗುವ ಸಾಮಾನಿನಲ್ಲಿ ಮೊದಲನೆಯದೇ 'ಉಳ್ಳಾಗಡ್ಡಿ, ದೊಡ್ಡದು' ಎಂದು ಹಾಕಿದ್ದರು. ನಾನು ಜೈನರ ಮನೆಯವಳು, ನೆಲದೊಳಗೆ ಬೆಳೆದ ಗಡ್ಡೆ ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಕಂಡಕಂಡವರ ಮುಂದೆ ಈ ಅನ್ಯಾಯವನ್ನು ಹೇಳಿಕೊಂಡು ತಿರುಗಿದೆ. ಸ್ಟಾಫ್ ರೂಮಿನಲ್ಲಿ ನಾನು ಬಾಯಿ ತೆರೆದರೆ ಎಲ್ಲರಿಗೂ ಒಮ್ಮೆಲೇ ಪಿರಿಯಡ್ಡಿನ ನೆನಪಾಗುತ್ತಿತ್ತು.

ಆದರೆ ನಿಮಗೆ ಖರೇ ಹೇಳುತ್ತೇನೆ, ಲೋಕವೆಲ್ಲ ನನ್ನ ಜುಣಕ ಮಾಡಿ ಉಣ್ಣಲಿ ಎಂಬ ಹಂಬಲ ನನಗಿರಲಿಲ್ಲ. ನನಗೆ ಬೇಕಾಗಿದ್ದವಳು ಒಬ್ಬಳೇ.

ನಿಪ್ಪಾಣಿಯ ಕನ್ನಡ ಶಾಲೆಯಲ್ಲಿ ನನ್ನ ಪಕ್ಕ ಕೂಡುತ್ತಿದ್ದವಳು ಸುಜಾತಾ. ನಮ್ಮಪ್ಪ ತಂಬಾಕಿನ ವ್ಯಾಪಾರಿ, ಅವಳ ಆಯಿ ಬೀಡಿ ಕಟ್ಟುವವಳು. ದಲಿತ ಬೌದ್ಧರ ಓಣಿಯಲ್ಲಿ ಅವರ ಮನೆ. ನಾನು ಉಳ್ಳಾಗಡ್ಡಿ ತಿನ್ನುವುದಿಲ್ಲ ಎಂದು ತಿಳಿದ ದಿನದಿಂದ ಆಯಿ ನನ್ನ ಸಲುವಾಗಿ ಬೇರೆ ಜುಣಕ ಮಾಡಿ ಮಗಳ ಡಬ್ಬಿಯಲ್ಲಿ ಕಳಿಸತೊಡಗಿದಳು. ಉಳ್ಳಾಗಡ್ಡಿಯ ರುಚಿ ತುಂಬಲು ಗುರೆಳ್ಳು, ಅದೇ ಹುಚ್ಚೆಳ್ಳು, ಹುರಿದು ಪುಡಿ ಮಾಡಿ ಹಾಕುತ್ತಿದ್ದಳು. ತಂಬಾಕಿನ ವಾಸನೆ ಹೋಗಲೆಂದು ಬೂದಿಯಿಂದ ಕೈ ತಿಕ್ಕಿ ತೊಳೆದುಕೊಂಡೇ ಹಿಟ್ಟು ಮುಟ್ಟುತ್ತಿದ್ದಳಂತೆ. ನಮ್ಮಜ್ಜಿಗೆ ಗೊತ್ತಾದರೆ ಮನೆಯನ್ನೂ ನನ್ನನ್ನೂ ಒಟ್ಟಿಗೆ ತೊಳೆಯುತ್ತಾಳೆಂದು ನಾನು ಹೆದರಿದರೆ, ಸುಜಾತಾ, "ಪದ್ಮೇ, ಮುಕಾಟ ತಿನ್ನ, ಮಾತಾಡಬ್ಯಾಡ" ಎಂದು ಡಬ್ಬಿಯನ್ನು ನನ್ನ ತೊಡೆಯ ಮೇಲಿಡುತ್ತಿದ್ದಳು. ಆಮೇಲೆ ಯಾರು ಏನು ಬಡಿಸಿದರೂ ಆ ರುಚಿ ನನಗೆ ಸಿಕ್ಕಿಲ್ಲ.

ನಮ್ಮ ಕಡೆ ಮದುವೆಯಲ್ಲಿ ಹುಡುಗಿಯ ಅಡ್ಡಹೆಸರಷ್ಟೇ ಅಲ್ಲ, ಕರೆಯುವ ಹೆಸರನ್ನೂ ಬದಲಿಸುತ್ತಾರೆ. ಪದ್ಮಾ ಆಗಿ ಚಪ್ಪರಕ್ಕೆ ಹೋದ ನಾನು ತ್ರಿಶಲಾ ಆಗಿ ಹೊರಬಂದೆ. ಸುಜಾತಾಳನ್ನು ಮಹಾರಾಷ್ಟ್ರದ ಕಡೆ ಕೊಟ್ಟರಂತೆ, ಅವಳಿಗೂ ಬೇರೆ ಹೆಸರಿಟ್ಟರಂತೆ. ಯಾವ ಹೆಸರು, ಯಾವ ಊರು, ಹೇಳುವವರಿಲ್ಲ. ಆಯಿಯೂ ಮಗಳ ಊರಿಗೇ ಹೋದಳೆಂದು ಓಣಿಯವರು ಹೇಳಿದರು. ಹೆಸರಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಸಿಗುವಂತಿರಲಿಲ್ಲ. ಉಳಿದದ್ದು ಜುಣಕ. ಎಂದಾದರೂ ಅವಳು ಅದನ್ನು ಹುಡುಕಿಯಾಳು, ಹುಡುಕಿದರೆ ಮಹಾರಾಷ್ಟ್ರದ ಸೊಸೆ ಮರಾಠಿಯಲ್ಲೇ ಹುಡುಕಿಯಾಳು ಎಂದು ಲೆಕ್ಕ ಹಾಕಿ, ಗಣಿತದ ಟೀಚರಲ್ಲವೇ, ಇಡೀ ಪುಟವನ್ನು ಮರಾಠಿಯಲ್ಲಿ ಬರೆದೆ. ಮರಾಠಿ ನನಗೆ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ನಮ್ಮ ಯಜಮಾನರು ಓದಿ, "ಇದನ್ನ ಓದಿದ್ರ ಮರಾಠಿ ಮಂದಿ ಗಡಿ ತಂಟೆ ಬಿಟ್ಟ ಕೊಡ್ತಾರ, ಕಾಗವಾಡ ನೀವs ಇಟಗೋರಿ ಅಂತಾರ" ಎಂದರು.

ದಿನಾ ಶಾಲೆ ಬಿಟ್ಟ ಮೇಲೆ ಮರಾಠಿಯಲ್ಲಿ ಹುಡುಕಿ ನನ್ನ ಸ್ಥಾನ ನೋಡಿಕೊಳ್ಳುತ್ತಿದ್ದೆ. ಉಳ್ಳಾಗಡ್ಡಿಯ ಆ ಮರಾಠಿ ತಾಣ ಮೇಲೆ, ನಾನು ಪಾತಾಳದಲ್ಲಿ. ಪುಟದ ಕೆಳಗೆ ಯಾರಾದರೂ ಏನಾದರೂ ಬರೆದಿದ್ದಾರೆಯೇ ಎಂದು ಕೊನೆಯವರೆಗೆ ಸರಿಸಿ ನೋಡುತ್ತಿದ್ದೆ. ಒಮ್ಮೆ ಒಬ್ಬರು ಬರೆದಿದ್ದರು, ಬೋಳುತಲೆಗೆ ಎಣ್ಣೆ ಬೇಕೇ ಎಂದು.

ಹೀಗೆ ಎರಡು ವರ್ಷ ಹೋದ ಮೇಲೆ ಒಂದು ಭಾನುವಾರ ಯಜಮಾನರು ಹೊಸ ಮೊಬೈಲು ತಂದರು. ಅದರಲ್ಲಿ ಕನ್ನಡ ಮೂಡುತ್ತದೆಯೇ ನೋಡಬೇಕಿತ್ತು, ನನ್ನನ್ನೂ ಕೆಣಕಬೇಕಿತ್ತು. ಉಳ್ಳಾಗಡ್ಡಿ ಇಲ್ಲದ ಜುಣಕ ಎಂದು ಕನ್ನಡದಲ್ಲಿ ಹೊಡೆದವರು, "ಏ ತ್ರಿಶಲಾ, ನೀ ಮೊದಲನೇ ನಂಬರಿಗೇ ಅದಿಯಲ್ಲ, ಸುಳ್ಳs ಯಾಕ ಅಳ್ತಿ? ಇಲ್ಲಿ ನೋಡು, 'ನಮ್ಮ ಪದ್ಮಾನ ಜುಣಕ'. ಕನ್ನಡದಾಗ ಯಾವಾಗ ಬರದಿ?" ಎಂದರು.

ನಾನು ಬರೆದಿರಲಿಲ್ಲ. ಮೊಬೈಲು ಕಸಿದುಕೊಂಡು ಓದಿದೆ. 'ನನ್ನ ಗೆಳತಿ ಪದ್ಮಾ ಜೈನರಾಕಿ. ಅಕಿ ಸಲವಾಗಿ ನಮ್ಮ ಆಯಿ ಉಳ್ಳಾಗಡ್ಡಿ ಬಿಟ್ಟು ಗುರೆಳ್ಳ ಹಾಕಿ ಮಾಡ್ತಿದ್ದಳು. ಪದ್ಮಾ ಈಗ ಎಲ್ಲಿ ಅದಾಳೋ ಗೊತ್ತಿಲ್ಲ. ಹುಡುಕಿದ್ರ ಕನ್ನಡದಾಗs ಹುಡುಕ್ತಾಳ. ಮರಾಠಿ ಬರ್ಯಾಕ ಅಕಿಗಿ ಎಂದೂ ಬಂದಿಲ್ಲ.' ಕೆಳಗೆ ಹೆಸರು ಸುಪ್ರಿಯಾ, ಊರು ಮಿರಜ. ನನ್ನ ಪುಟಕ್ಕಿಂತ ಎಷ್ಟೋ ಮೊದಲೇ ಬರೆದದ್ದು. ಕನ್ನಡದಲ್ಲಿ ಈ ಜುಣಕವನ್ನು ಬೇರೆ ಯಾರೂ ಬರೆಯದ ಕಾರಣ ಅದು ಯಾವ ಅಥಾರಿಟಿಯ ಹಂಗೂ ಇಲ್ಲದೆ ಎಲ್ಲರಿಗಿಂತ ಮೇಲೆ ಕೂತು ನನ್ನ ದಾರಿ ಕಾಯುತ್ತಿತ್ತು. ನಾನು ನನ್ನ ಭಾಷೆಯಲ್ಲಿ ಒಂದೇ ಒಂದು ಸಲ ಹುಡುಕಿದ್ದರೆ ಸಾಕಿತ್ತು. ಇನ್ನು ಮಿರಜ ಎಂದರೆ ನಮಗೆ ಪರದೇಶವೇ? ಸೀರೆಗೆ, ಹಲ್ಲುನೋವಿಗೆ ನಾವು ಹೋಗುವ ಊರು, ಹಿಂದಿನ ತಿಂಗಳೂ ಹೋಗಿ ಬಂದಿದ್ದೆ.

ಆ ಪುಟದ ಕೆಳಗೆ ಏನೇನೋ ಬರೆದು ಅಳಿಸಿ, ಕೊನೆಗೆ 'ಸುಜೇ, ನಾ ಪದ್ಮಿ' ಎಂದಷ್ಟೇ ಬರೆದು ನನ್ನ ಪುಟದ ವಿಳಾಸ ಹಾಕಿದೆ. ಉತ್ತರವಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಸುಮ್ಮನಿದ್ದ ಹಲ್ಲನ್ನು ತೋರಿಸುವ ನೆಪದಲ್ಲಿ ಮಿರಜಿಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ನನ್ನ ವಯಸ್ಸಿನ ಹೆಂಗಸರ ಮುಖವನ್ನೆಲ್ಲ ನೋಡುತ್ತ ನಿಂತೆ. ಕೆಲವರು ತಮ್ಮ ಪರ್ಸನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಹುಶಃ ಅವಳು ಕಾದು ಕಾದು ಆ ಪುಟವನ್ನು ಮರೆತೇ ಬಿಟ್ಟಿದ್ದಾಳೆ ಎಂದುಕೊಂಡು, ಗಟ್ಟಿಮುಟ್ಟಾದ ಹಲ್ಲು ಕಚ್ಚಿಕೊಂಡು ತಿರುಗಿ ಬಂದೆ.

ಮೊನ್ನೆ ಶಾಲೆಯಿಂದ ಬರುತ್ತಿರುವಾಗ ಅಪ್ಪಾಸಾಹೇಬರು ಅಂಗಡಿಯಿಂದಲೇ ಕೂಗಿದರು: "ಅಕ್ಕಾರ, ಬರ್ರಿ ಇಲ್ಲಿ, ಮೂರ ಆತ್ರಿ!"

"ಏನ ಮೂರು?"

"ನಿಮ್ಮ ಅಥಾರಿಟಿರಿ. ಯಾರೋ ಲಿಂಕ್ ಹಾಕ್ಯಾರ. ದೊಡ್ಡ ಮಂದಿ ಅಲ್ಲ ಬಿಡ್ರಿ, ಅವ್ರ ಅಥಾರಿಟಿ ಬರೇ ಒಂದs ಐತಿ."

ಅವರು ತೆರೆದು ತೋರಿಸಿದ್ದು 'ನಮ್ಮ ಪದ್ಮಾನ ಜುಣಕ'. ಅದರ ಕೊನೆಗೆ ಹೊಸದಾಗಿ ಸೇರಿಸಿದ್ದಳು: 'ಪದ್ಮಾ ಸಿಕ್ಕಳು! ಇಲ್ಲಿ ಒತ್ತಿ ಅಕಿ ಪೇಜ್ ಓದ್ರಿ. ಮರಾಠಿ ಪೂರಾ ಹದಗೆಟ್ಟೈತಿ. ಜುಣಕ ಬರೋಬರಿ ಐತಿ, ಆದ್ರ ಉಪ್ಪು ಹಾಕಂತ ಎಲ್ಲೂ ಹೇಳಿಲ್ಲ. ಆಯಿ ನಗಾಕತ್ತಾಳ.'

ಆಯಿ ಇದ್ದಾಳೆ! ಅಂಗಡಿಯಲ್ಲಿ ಝೆರಾಕ್ಸಿಗೆ ನಿಂತಿದ್ದವರ ಎದುರಿಗೇ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಆಮೇಲೆ ಯಾಕೋ ಅನುಮಾನ ಬಂದು, ಎರಡು ವರ್ಷ ನಾನು ಬೈದುಕೊಂಡು ತಿರುಗಿದ ಆ ದೊಡ್ಡ ತಾಣವನ್ನು ತೆಗೆಸಿ ಮೇಲಿಂದ ಕೆಳಗಿನವರೆಗೆ ಓದಿದೆ. ಉಳ್ಳಾಗಡ್ಡಿ ಇತ್ತು, ನಿಜ. ಉಪ್ಪೂ ಇತ್ತು.