ಮೂರು ಸಲ ವಾಪಸ್ ಬಂದ ಎರಡು ಲೈನಿನ ಫೋನು

ಫೋನಿನ ಅಂಗಡಿ ಇಟ್ಟವನಿಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಿಲ್ಲ. ಜನ “ಫೋನು ಕೆಟ್ಟಿದೆ” ಅಂತ ಬರುತ್ತಾರೆ. ಬಿಚ್ಚಿ ನೋಡಿದರೆ ಫೋನು ಗಟ್ಟಿಮುಟ್ಟಾಗಿರುತ್ತೆ. ಕೆಟ್ಟಿರುವುದು ಮನೆಯೊಳಗಿನ ಇನ್ನೇನೋ. ಅದನ್ನು ರಿಪೇರಿ ಮಾಡಲು ನನ್ನ ಹತ್ತಿರ ಸ್ಕ್ರೂಡ್ರೈವರ್ ಇಲ್ಲ. ಕೆಡಿಸಲು ಮಾತ್ರ ಒಳ್ಳೆ ಕೈಗುಣವಿದೆ ಅಂತ ನನ್ನ ಹೆಂಡತಿಯ ಅಭಿಪ್ರಾಯ.

ಒಂದು ಸಲ ನಾನು ಎರಡು ಲೈನಿನ ಕಾರ್ಡ್‌ಲೆಸ್ ಸೆಟ್ಟೊಂದನ್ನು ತರಿಸಿದೆ. ಮೇಜಿನ ಮೇಲಿಡುವ ಒಂದು ಬೇಸ್, ಅದಕ್ಕೆ ಎರಡು ನಂಬರಿನ ಎರಡು ಲೈನ್. ಜೊತೆಗೆ ವೈರಿಲ್ಲದ ಹ್ಯಾಂಡ್‌ಸೆಟ್‌ಗಳು. ಅವನ್ನು ಮನೆಯ ಯಾವ ಮೂಲೆಗೆ ಬೇಕಾದರೂ ಒಯ್ಯಬಹುದು. ಇಂಟರ್‌ಕಾಮ್ ಒತ್ತಿದರೆ ಕೆಳಗಿನವರು ಮೇಲಿನವರ ಜೊತೆ ಒಳಗೊಳಗೇ ಮಾತಾಡಬಹುದು. ಹೆಂಡತಿ ಬಾಕ್ಸ್ ನೋಡಿ, “ಕಿಸೆಗೊಂದು ಮೊಬೈಲ್ ಇರೋ ಕಾಲದಲ್ಲಿ ಇದನ್ನ ಯಾರ್ರೀ ತಗೋತಾರೆ?” ಅಂದಳು.

“ನೋಡ್ತಿರು. ಇಂಟರ್ನೆಟ್ ಜೊತೆ ಮನೆಮನೆಗೂ ಮತ್ತೆ ಲೈನ್ ಬರ್ತಿದೆ. ಕಿತ್ಕೊಂಡು ಹೋಗ್ತಾರೆ.”

“ಸರಿ. ಮೂರು ಜನಕ್ಕೆ ಕೊಟ್ಟು ನೋಡಿ. ಮೂರು ಸಲವೂ ವಾಪಸ್ ಬಂದ್ರೆ ಇದು ನಮ್ಮನೆಗೇ. ಬೇಸ್ ಅಂಗಡೀಲಿ, ಹ್ಯಾಂಡ್‌ಸೆಟ್ ನನ್ನ ಅಡುಗೆಮನೇಲಿ.”

ಅಂಗಡಿ ಶಿವಮೊಗ್ಗದ ಗಾಂಧಿ ಬಜಾರಿನ ಓಣಿಯಲ್ಲಿ, ಮನೆ ಅದರ ಮೇಲೆ. ನಡುವೆ ಇಪ್ಪತ್ತೆರಡು ಮೆಟ್ಟಿಲು. ಅವಳಿಗೆ ಮಂಡಿನೋವು, ನನ್ನ ಮೊಬೈಲಿಗೆ ಯಾವಾಗಲೂ “ನೆಟ್‌ವರ್ಕ್ ಇಲ್ಲ”. ಈ ಎರಡರ ಕೃಪೆಯಿಂದ ನಾನು ದಿನಕ್ಕೆ ಮೂರು ಸಲ ಅಂಗಡಿ ಬಿಟ್ಟು ಮಿರ್ಚಿ ತಿನ್ನುತ್ತಾ, ಹರಟುತ್ತಾ, ಸ್ವತಂತ್ರ ಪ್ರಜೆಯಾಗಿ ಬದುಕಿದ್ದೆ. ಅಡುಗೆಮನೆಯಲ್ಲಿ ಇಂಟರ್‌ಕಾಮ್ ಬಂತೆಂದರೆ ಆ ಬದುಕು ಅಲ್ಲಿಗೆ ಮುಗಿಯಿತು. ಹೇಗಾದರೂ ಆ ಸೆಟ್ಟು ಯಾರ ಮನೆಯಲ್ಲಾದರೂ ನೆಲೆಯೂರಬೇಕಿತ್ತು.

ಕಟ್ಟುನಿಟ್ಟಿನ ಅಣ್ಣ

ಮೊದಲ ಗಿರಾಕಿ ನಮ್ಮ ಬಜಾರಿನ ಸೀರೆ ವ್ಯಾಪಾರಿ. ಅವರದ್ದೂ ಕೆಳಗೆ ಅಂಗಡಿ, ಮೇಲೆ ಮನೆ. ಚೌಕಾಸಿ ಕೊನೆಯ ಹಂತಕ್ಕೆ ಬಂದಾಗ ಅವರದ್ದೊಂದು ಪದ್ಧತಿ. “ನನ್ನ ಕೈಲಿಲ್ಲ ಅಕ್ಕಾ. ಅಣ್ಣನ್ನ ಕೇಳ್ಬೇಕು. ಅಣ್ಣ ಬಹಳ ಕಟ್ಟುನಿಟ್ಟು” ಅಂತ ಫೋನೆತ್ತಿ, ಆ ಕಡೆ ಯಾರೂ ಇಲ್ಲದಿದ್ದರೂ, “ಹಾಂ ಅಣ್ಣಾ... ಒಂದು ನೂರಾದ್ರೂ... ಆಗಲ್ವಾ? ಸರಿ ಅಣ್ಣಾ” ಅಂತ ಮುಖ ಸಣ್ಣ ಮಾಡಿ ಇಡುವರು. ಗಿರಾಕಿಗಳಿಗೆ ಪಾಪ ಅನ್ನಿಸಿ ಕೇಳಿದಷ್ಟು ಕೊಟ್ಟು ಹೋಗುತ್ತಿದ್ದರು. ಅಣ್ಣ ಅನ್ನುವವನು ಹುಟ್ಟೇ ಇಲ್ಲ ಅನ್ನೋದು ಬಜಾರಿಗೆಲ್ಲ ಗೊತ್ತು.

ದೀಪ ಮಿನುಗುವ ಈ ಸೆಟ್ಟು ನೋಡಿ ಅವರು ಮರುಳಾದರು. ಇದರಲ್ಲಿ ಅಣ್ಣನ ಜೊತೆ ಮಾತಾಡಿದರೆ ಇನ್ನೂ ಗತ್ತು! ಜೋಡಿಸುವಾಗ, “ಮೇಲೆ ಅಮ್ಮ ಒಬ್ಬರೇ ಇರೋದು, ಅವರಿಗೆ ಗುಂಡಿಗಿಂಡಿ ಒತ್ತೋಕೆ ಬರಲ್ಲ” ಅಂದರು. ಸರಿ, ಇಂಟರ್‌ಕಾಮ್ ಬಂದರೆ ಅಡುಗೆಮನೆ ಹ್ಯಾಂಡ್‌ಸೆಟ್ ತಾನೇ ತೆರೆದುಕೊಳ್ಳುವ ಹಾಗೆ ಮಾಡಿದೆ. ಕೆಳಗೆ ಸ್ಪೀಕರನ್ನೂ ಜೋರಾಗಿಟ್ಟೆ. ಇದನ್ನು ಅವರಿಗೆ ಹೇಳಲು ಮರೆತೆ. ಮರೆತೆ ಅಂತಲೇ ಬರೆದುಕೊಳ್ಳಿ.

ಮೂರನೇ ದಿನ ಭದ್ರಾವತಿಯಿಂದ ಮದುವೆ ಸೀರೆಗೆ ಅಂತ ಒಂಬತ್ತು ಹೆಂಗಸರು ಬಂದರು. ವ್ಯಾಪಾರಿ ಠೀವಿಯಿಂದ ಇಂಟರ್‌ಕಾಮ್ ಒತ್ತಿ, “ಅಣ್ಣಾ, ಮದುವೆ ಪಾರ್ಟಿ. ಸ್ವಲ್ಪ ಬಿಡೋಣ್ವಾ?” ಅಂದರು.

ಬೇಸಿನಿಂದ ಅಮ್ಮನ ದನಿ ಅಂಗಡಿ ತುಂಬಿತು: “ಯಾವ ಅಣ್ಣನೋ? ನಿನಗಿಂತ ಮುಂಚೆ ನಾನು ಯಾರನ್ನ ಹೆತ್ತಿದ್ದೆ?”

ವ್ಯಾಪಾರಿ ಗುಂಡಿ ಹುಡುಕುವುದರೊಳಗೆ ಅಮ್ಮ ಮುಂದುವರಿಸಿದರು: “ಯಾವ ಸೀರೆ? ಆ ಗಿಳಿಹಸಿರಿಂದಾ? ಮೂರು ವರ್ಷದಿಂದ ಅದಕ್ಕೆ ನುಸಿಗುಳಿಗೆ ಹಾಕಿ ಸಾಕ್ತಿದೀಯಲ್ಲೋ! ಕೇಳಿದಷ್ಟಕ್ಕೆ ಕೊಟ್ಟು ಕಳಿಸು!”

ಮದುವಣಗಿತ್ತಿಯ ಸೋದರತ್ತೆ ಬೇಸಿನ ಹತ್ತಿರ ಬಗ್ಗಿ, “ಅಮ್ಮಾ, ಹಾಗೇ ಆ ಕೆಂಪಂಚಿನದನ್ನೂ ಒಂದು ಮಾತು ಹೇಳ್ಬಿಡಿ” ಅಂದರು.

ವಾರದೊಳಗೆ ಸೆಟ್ಟು ನನ್ನ ಮೇಜಿನ ಮೇಲಿತ್ತು. “ಯಾಕೆ, ಚೆನ್ನಾಗಿಲ್ವಾ?” ಅಂದೆ.

“ಬಹಳ ಚೆನ್ನಾಗಿದೆ ಮಾರಾಯ. ಈಗ ಒಬ್ಬ ಗಿರಾಕೀನೂ ನನ್ನ ಹತ್ರ ರೇಟು ಕೇಳಲ್ಲ. ಒಳಗೆ ಬಂದವರೇ ‘ಅಮ್ಮನ್ನ ಕರೀರಿ’ ಅಂತಾರೆ!”

ಮೇಲಿಂದ ಹೆಂಡತಿ ಕೂಗಿದಳು: “ಒಂದು!”

ಸುದೀರ್ಘ ಅಧ್ಯಯನ

ಎರಡನೇ ಸಲ ಸೆಟ್ಟು ಬಸ್ಸು ಹತ್ತಿ ಯೂನಿವರ್ಸಿಟಿ ಇರುವ ಶಂಕರಘಟ್ಟಕ್ಕೆ ಹೋಯಿತು, ಪ್ರೊಫೆಸರೊಬ್ಬರ ಮನೆಗೆ. ಒಂದು ಲೈನ್ ಮನೆಯವರಿಗೆ, ಇನ್ನೊಂದು ತಮ್ಮ ಚಿಂತನೆಗೆ ಅಂದರು. ನಾನು ಈ ಸಲ ಕೈ ಹಿಡಿತದಲ್ಲಿಟ್ಟುಕೊಂಡು ಜೋಡಿಸಿದೆ. ಏನೂ ತರಲೆ ಮಾಡಲಿಲ್ಲ. ಸತ್ಯವಾಗಿ.

ಎರಡು ವಾರ ಕಳೆದ ಮೇಲೆ ಫೋನು ಬಂತು. “ಒಂದು ಹ್ಯಾಂಡ್‌ಸೆಟ್ ಕಾಣ್ತಿಲ್ಲ. ನಾಲ್ಕು ದಿನ ಆಯ್ತು. ಬಂದು ನೋಡಿ.”

ಹೋದಾಗ ಹಾಲಿನಲ್ಲಿ ಅವರ ಸಂಶೋಧನಾ ವಿದ್ಯಾರ್ಥಿನಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಪಿಎಚ್‌ಡಿ ಪ್ರಬಂಧ ಕೊಟ್ಟು ನಾಲ್ಕು ದಿನವಾಗಿತ್ತಂತೆ. ಇವರು ಓದಿ ಸಹಿ ಹಾಕಿದರೆ ಅವಳ ಕೆಲಸ ಮುಂದೆ ಹೋಗುತ್ತೆ. ಪ್ರೊಫೆಸರು ಕಣ್ಣು ಮುಚ್ಚಿ ಹೇಳುತ್ತಿದ್ದರು: “ಪ್ರತಿದಿನ ಓದ್ತಾ ಇದ್ದೀನಮ್ಮ. ಸಾಲು ಸಾಲೂ ನೋಡ್ತಿದ್ದೀನಿ. ನಿನ್ನೆ ಮೂರನೇ ಅಧ್ಯಾಯ ಮುಗಿಸಿದೆ. ಅಲ್ಲಿ ನಿನ್ನ ವಾದ ಸ್ವಲ್ಪ ಜಾಳಾಗಿದೆ.”

ಹುಡುಗಿ ತಲೆ ತಗ್ಗಿಸಿ ಅದನ್ನು ಬರೆದುಕೊಂಡಳು.

“ಸರ್, ಹುಡುಕೋದೇನೂ ಕಷ್ಟ ಇಲ್ಲ” ಅಂತ ನಾನು ಬೇಸಿನ ಮೇಲಿನ ‘ಹುಡುಕು’ ಗುಂಡಿ ಒತ್ತಿದೆ. ಅದನ್ನು ಒತ್ತಿದರೆ ಕಳೆದುಹೋದ ಹ್ಯಾಂಡ್‌ಸೆಟ್ ಎಲ್ಲಿದ್ದರೂ ಕೀಂಯ್ ಕೀಂಯ್ ಅನ್ನುತ್ತೆ.

ಅಂದಿತು. ಮೂವರೂ ಸದ್ದು ಹಿಡಿದು ಹೊರಟೆವು. ಅಡುಗೆಮನೆ ಅಲ್ಲ, ಮಲಗುವ ಕೋಣೆ ಅಲ್ಲ. ಬಾಗಿಲ ಹಿಂದೆ, ಮೊಳೆಗೆ ನೇತುಹಾಕಿದ್ದ ಬಟ್ಟೆಚೀಲದಿಂದ ಬರುತ್ತಿತ್ತು. ಚೀಲ ಹುಡುಗಿಯದ್ದೇ, ಪ್ರಬಂಧ ಹಾಕಿ ತಂದುಕೊಟ್ಟದ್ದು. ಅವಳು ಕೈಹಾಕಿ ಮೊದಲು ಹ್ಯಾಂಡ್‌ಸೆಟ್ ತೆಗೆದಳು. ಆಮೇಲೆ ಪ್ರಬಂಧ ತೆಗೆದಳು. ಕಟ್ಟಿದ ದಾರದ ಗಂಟು ಕಟ್ಟಿದ ಹಾಗೇ ಇತ್ತು. ಚೀಲ ತೆಗೆದುಕೊಂಡ ದಿನವೇ ಕೈಲಿದ್ದ ಫೋನನ್ನೂ ಅದರೊಳಗೆ ಬಿಟ್ಟು, ಮೊಳೆಗೆ ಹಾಕಿ, ಚಿಂತನೆಗೆ ಕೂತಿದ್ದರು ಪುಣ್ಯಾತ್ಮರು.

ಹುಡುಗಿ ತುಂಬ ವಿನಯದಿಂದ, “ಸರ್, ಮೂರನೇ ಅಧ್ಯಾಯದಲ್ಲಿ ಎಲ್ಲಿ ಜಾಳು?” ಅಂದಳು.

ಪ್ರೊಫೆಸರು ಅವತ್ತೇ ಸಹಿ ಹಾಕಿದರು. ಹಾಗೇ ಸೆಟ್ಟನ್ನೂ ನನ್ನ ಕೈಗಿಟ್ಟು, “ಇದು ಶೈಕ್ಷಣಿಕ ವಾತಾವರಣಕ್ಕೆ ಒಗ್ಗಲ್ಲ ಕಣ್ರೀ” ಅಂದರು.

ಒತ್ತಬಾರದ ಗುಂಡಿ

ಇನ್ನು ಉಳಿದದ್ದು ಒಂದೇ ಅವಕಾಶ. ಈ ಸಲ ಸೋತರೆ ಮಿರ್ಚಿಗೆ ಎಳ್ಳುನೀರು. ಅದಕ್ಕೇ ಗಿರಾಕಿಯನ್ನು ಅಳೆದೂ ಸುರಿದೂ ಆರಿಸಿದೆ.

ಭದ್ರಾವತಿಯ ಕಾರ್ಖಾನೆ ಕಡೆ ಒಂದು ಮನೆ. ಅಣ್ಣ ತಮ್ಮ ಇಬ್ಬರೂ ಪಾಳಿಯ ಮೇಲೆ ಕೆಲಸಕ್ಕೆ ಹೋಗುವವರು. ಮನೆ ಒಂದು, ಒಲೆ ಎರಡು. ಓರಗಿತ್ತಿಯರಲ್ಲಿ ಮಾತು ಅಷ್ಟಕ್ಕಷ್ಟೆ. ದೊಡ್ಡವಳಿಗೊಂದು ಲೈನ್, ಚಿಕ್ಕವಳಿಗೊಂದು ಲೈನ್. ಇಬ್ಬರೂ ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ತಂತಮ್ಮ ತಾಯಂದಿರಿಗೆ ಫೋನು ಹಚ್ಚಿ ಇನ್ನೊಬ್ಬಳ ಮೇಲೆ ದೂರು ಹೇಳುವವರು. ಇಂಥ ಸೆಟ್ಟು ಇಂಥ ಮನೆಗಾಗಿಯೇ ಹುಟ್ಟಿದ್ದು!

ಎಲ್ಲ ಹೇಳಿಕೊಟ್ಟೆ. ಎರಡೂ ಲೈನನ್ನು ಒಂದು ಮಾಡುವ ಕಾನ್ಫರೆನ್ಸ್ ಗುಂಡಿಯೊಂದಿತ್ತು. ಅದರ ವಿಷಯ ಹೇಳದೆ ಬಂದಿದ್ದರೆ ನಾನು ಇವತ್ತು ಸುಖವಾಗಿರುತ್ತಿದ್ದೆ. ಆದರೆ ನಾಲಿಗೆ ತುರಿಸಿತು. ಇಬ್ಬರನ್ನೂ ಬೇರೆ ಬೇರೆ ಕರೆದು ಹೇಳಿದೆ: “ಎಲ್ಲ ಗುಂಡಿ ಒತ್ತಿ. ಇದೊಂದನ್ನ ಮಾತ್ರ ಒತ್ತಬೇಡಿ.”

“ಯಾಕೆ?”

“ಬೇಡ. ಅಷ್ಟೇ.”

ಮಾರನೇ ದಿನ ಹನ್ನೊಂದೂ ಕಾಲಿಗೆ ಯಾರೋ ಒತ್ತಿದರು. ಯಾರು ಅಂತ ಇವತ್ತಿಗೂ ಇಬ್ಬರೂ ಒಪ್ಪಿಲ್ಲ. ತರೀಕೆರೆಯಲ್ಲಿದ್ದ ದೊಡ್ಡವಳ ಅಮ್ಮನೂ ಹೊಸದುರ್ಗದಲ್ಲಿದ್ದ ಚಿಕ್ಕವಳ ಅಮ್ಮನೂ ಒಂದೇ ಲೈನಿನಲ್ಲಿ ಎದುರುಬದುರಾದರು.

“ಯಾರದು ನಡುವೆ ಮಾತಾಡೋದು?” ಅಂದರು ತರೀಕೆರೆ ಅಮ್ಮ.

“ನಾನು ಚಿಕ್ಕವಳ ತಾಯಿ. ನಿಮ್ಮ ಮಗಳು ಹಿತ್ತಲಿನ ತಂತಿ ತುಂಬ ಬಟ್ಟೆ ಹರವ್ತಾಳಂತೆ, ನಮ್ಮವಳಿಗೆ ಒಂದು ಟವೆಲ್ ಹಾಕೋಕೂ ಜಾಗ ಇಲ್ಲವಂತೆ!”

“ನಿಮ್ಮ ಮಗಳು ಒಂಬತ್ತಾದ್ರೂ ಏಳಲ್ವಂತೆ!”

ಹೊಸದುರ್ಗದ ಅಮ್ಮ ನಿಟ್ಟುಸಿರಿಟ್ಟರು. “ಅದು ನಿಜ ಬಿಡಿ. ನಮ್ಮನೇಲೂ ಹಾಗೇ ಇದ್ಲು.”

“ಅಯ್ಯೋ, ನನ್ನ ಮಗಳೇನು ಕಮ್ಮೀನಾ? ಬಟ್ಟೆ ಹರವಿದ್ರೆ ತಗಿಯೋದೇ ಗೊತ್ತಿಲ್ಲ ಅದಕ್ಕೆ.”

ಅಲ್ಲಿಂದ ಒಂದು ಗಂಟೆ ಮಾತಾಡಿದರಂತೆ, ನಂಬರು ಬದಲಾಯಿಸಿಕೊಂಡರಂತೆ.

ಹತ್ತು ದಿನಕ್ಕೆ ಓರಗಿತ್ತಿಯರಿಬ್ಬರೂ ಒಂದೇ ಸ್ಕೂಟರಿನಲ್ಲಿ ಶಿವಮೊಗ್ಗಕ್ಕೆ ಬಂದಿಳಿದರು, ನಡುವೆ ಸೆಟ್ಟಿನ ಬಾಕ್ಸು. “ತಗೊಳ್ರೀ ನಿಮ್ಮ ಫೋನು. ನಮ್ಮ ಅಮ್ಮಂದಿರು ಒಂದಾಗಿಬಿಟ್ಟಿದ್ದಾರೆ.”

“ಒಳ್ಳೇದೇ ಆಯ್ತಲ್ಲಮ್ಮ?”

“ಏನು ಒಳ್ಳೇದು? ಇವಳ ಮೇಲೆ ದೂರು ಹೇಳೋಕೆ ಹೋದ್ರೆ ನಮ್ಮಮ್ಮ ‘ಪಾಪ, ಒಳ್ಳೆ ಹುಡುಗಿ ಕಣೇ, ನೀನೇ ಹೊಂದ್ಕೊಂಡು ಹೋಗು’ ಅಂತಾರೆ!” ಅಂದಳು ದೊಡ್ಡವಳು.

“ನಮ್ಮಮ್ಮಂದೂ ಅದೇ ರಾಗ” ಅಂದಳು ಚಿಕ್ಕವಳು.

“ಹಾಗಾದ್ರೆ ನಿಮ್ಮ ಕಷ್ಟ ನೀವಿಬ್ರೇ ಒಬ್ಬರಿಗೊಬ್ಬರು ಹೇಳ್ಕೊಳ್ಳಿ” ಅಂದೆ.

“ಇನ್ನೇನು ಮಾಡೋದು? ದಿನಾ ಹನ್ನೊಂದಕ್ಕೆ ಇಬ್ರೂ ಒಟ್ಟಿಗೆ ಕೂತು ಅಮ್ಮಂದಿರನ್ನ ಬೈತಿದ್ದೀವಿ. ಅದಕ್ಕೆ ಫೋನು ಬೇಕಾಗಲ್ಲ.”

ಆದರ್ಶ ಪತಿ

ಮಾತಿನಂತೆ ಸೆಟ್ಟು ನಮ್ಮನೆಗೇ ಬಂತು. ಬೇಸ್ ಕೆಳಗೆ, ಹ್ಯಾಂಡ್‌ಸೆಟ್ ಮೇಲೆ. ಒಂದನೇ ಲೈನ್ ಮನೆಯದ್ದು, ಎರಡನೇದು ಅಂಗಡಿಯದ್ದು. ಮಂಡಿನೋವಿನ ಹೆಂಡತಿಗೆ ಈಗ ಒಂದು ಬೆರಳು ಸಾಕು. ಕಾಲು ಗಂಟೆಗೊಮ್ಮೆ ಬೇಸು, “ರೀ, ಇದ್ದೀರಾ?” ಅನ್ನುತ್ತಿತ್ತು. ಉತ್ತರ ಬರದಿದ್ದರೆ ಸಂಜೆಯ ಕಾಫಿ ಬರುತ್ತಿರಲಿಲ್ಲ. ಒಂದೇ ತಿಂಗಳಲ್ಲಿ ನಾನು ಇಳಿದುಹೋದೆ.

ಅಷ್ಟರಲ್ಲಿ ದೇವರ ಹಾಗೆ ಒಬ್ಬರು ಬಂದರು. ವಿಮಾನ ನಿಲ್ದಾಣ ಬಂದ ಮೇಲೆ ಸೋಗಾನೆ ಕಡೆ ಲಾಡ್ಜ್ ಕಟ್ಟಿಸಿದವರು. ಕೌಂಟರಿಗೂ ಅಡುಗೆಮನೆಗೂ ಸೇರಿ ಎರಡು ಲೈನಿನ ಸೆಟ್ಟು ಬೇಕಂತೆ. ಆ ಮಾದರಿ ಬರುವುದೇ ನಿಂತಿತ್ತು. ಇದ್ದದ್ದು ಇದೊಂದೇ. ಹೆಂಡತಿಗೆ ಗೊತ್ತಾಗುವ ಮೊದಲೇ ಇದನ್ನು ಸಾಗಿಸಿಬಿಟ್ಟರೆ ನಾನು ಮತ್ತೆ ಸ್ವತಂತ್ರ!

“ಬನ್ನಿ ಸರ್, ಹೇಗೆ ಕೆಲಸ ಮಾಡುತ್ತೆ ತೋರಿಸ್ತೀನಿ” ಅಂದೆ. ಸುಮ್ಮನೆ ತೋರಿಸಿದ್ದರೆ ಆಗುತ್ತಿತ್ತು. ಆದರೆ ತಿಂಗಳಿಂದ ಒಂದೂ ಕುಚೋದ್ಯ ಮಾಡದೆ ಮೈಯೆಲ್ಲ ಜಡ್ಡುಗಟ್ಟಿತ್ತು. ಬೇಸಿನ ರಿಂಗು ಬಂದ್ ಮಾಡಿ, ಸ್ಪೀಕರ್ ಹಾಕಿ, ಎರಡನೇ ಲೈನಿಂದ ಒಂದನೇ ಲೈನಿಗೆ, ಅಂದರೆ ಅಂಗಡಿಯಿಂದ ನನ್ನ ಮನೆಗೇ, ಫೋನು ಹಚ್ಚಿದೆ. ಮೂಗು ಹಿಡಿದುಕೊಂಡು ದನಿ ಬದಲಿಸಿದೆ.

“ನಮಸ್ಕಾರ ಮೇಡಂ. ಆದರ್ಶ ಪತಿ ಸ್ಪರ್ಧೆಯ ಕಡೆಯಿಂದ ಮಾತಾಡ್ತಿದ್ದೀವಿ. ನಿಮ್ಮ ಯಜಮಾನರ ಹೆಸರನ್ನ ಯಾರೋ ಅಭಿಮಾನಿಗಳು ಸೂಚಿಸಿದ್ದಾರೆ.”

ಸ್ಪೀಕರಿನಿಂದ ಜೇನಿನಂಥ ದನಿ: “ಅಯ್ಯೋ, ಹೌದಾ ಸರ್! ಕೇಳಿ, ಏನು ಬೇಕಾದ್ರೂ ಕೇಳಿ.”

“ಅವರ ದೊಡ್ಡ ಗುಣ ಯಾವುದು?”

“ಒಂದಾ, ಎರಡಾ ಸರ್? ಭಾನುವಾರ ನನ್ನನ್ನ ಒಲೆ ಹತ್ರ ಬರೋಕೇ ಬಿಡಲ್ಲ. ತಿಂಡಿಯಿಂದ ಪಾತ್ರೆವರೆಗೆ ಎಲ್ಲ ಅವರೇ.”

ನನಗೆ ಗ್ಯಾಸಿನ ಗುಂಡಿ ಯಾವ ಕಡೆ ತಿರುಗುತ್ತೆ ಅಂತಲೂ ಗೊತ್ತಿಲ್ಲ. ಆದರೆ ಲಾಡ್ಜಿನವರು ಗೌರವದಿಂದ ನೋಡುತ್ತಿದ್ದರು. ಹೆಂಡತಿ ಹೊರಗಿನವರೆದುರು ನನ್ನ ಮಾನ ಕಾಪಾಡುತ್ತಿದ್ದಾಳೆ ಅಂತ ಕಣ್ಣು ತೇವವಾಯಿತು. “ಮತ್ತೆ?” ಅಂದೆ.

“ನಮ್ಮಮ್ಮ ಅಂದ್ರೆ ಪ್ರಾಣ ಅವರಿಗೆ. ಈ ಶುಕ್ರವಾರ ಬರ್ತಿದ್ದಾರೆ, ಒಂದು ತಿಂಗಳಿಗೆ. ಇನ್ನೂ ಹೇಳಿಲ್ಲ. ಕೇಳಿದ್ರೆ ಕುಣಿದಾಡಿಬಿಡ್ತಾರೆ.”

ಮೂಗನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ. “ಬಹಳ... ಸಂತೋಷ. ದುಶ್ಚಟ ಏನಾದ್ರೂ?”

“ಮಿರ್ಚಿ ತಿಂತಿದ್ರು. ಬಿಟ್ಟಿದ್ದಾರೆ.”

“ಯಾವಾಗ?” ಮೂಗಿನಿಂದ ಕೈ ಜಾರಿ ನನ್ನ ಸ್ವಂತ ದನಿಯೇ ಹೊರಬಿತ್ತು.

“ಈಗಷ್ಟೇ ಸರ್. ನಾನೂ ಒಂದು ಪ್ರಶ್ನೆ ಕೇಳ್ಲಾ?”

“ಕೇ... ಕೇಳಿ ತಾಯಿ.”

“ಅಂಗಡಿ ಲೈನಲ್ಲಿ ಯಾರಾದ್ರೂ ಮಾತಾಡ್ತಿದ್ರೆ ಅಡುಗೆಮನೆ ಹ್ಯಾಂಡ್‌ಸೆಟ್ಟಲ್ಲಿ ಎರಡನೇ ದೀಪ ಕೆಂಪಗೆ ಉರಿಯುತ್ತೆ ಅನ್ನೋದು, ಇಷ್ಟು ವರ್ಷದಿಂದ ಫೋನು ಮಾರೋ ಆದರ್ಶ ಪತಿಗೆ ಗೊತ್ತಿರಲ್ವಾ?”

ಲಾಡ್ಜಿನವರು ನಕ್ಕು ನಕ್ಕು ಸ್ಟೂಲಿನ ಮೇಲೆ ಕುಸಿದರು. ಕಣ್ಣೊರೆಸಿಕೊಂಡು, “ಇದೇ ಸೆಟ್ಟು ಬೇಕು ಮಾರಾಯ್ರೇ! ಹೊಸದರ ರೇಟೇ ಕೊಡ್ತೀನಿ, ಈಗಲೇ ಬಿಚ್ಚಿ ಕೊಡಿ” ಅಂದರು. ಬೈಸಿಕೊಂಡರೂ ಪರವಾಗಿಲ್ಲ, ಬಿಡುಗಡೆ ಬಂತಲ್ಲ ಅಂತ ನಾನು ವೈರಿಗೆ ಕೈಹಾಕಿದೆ.

ಸ್ಪೀಕರ್ ಇನ್ನೂ ತೆರೆದೇ ಇತ್ತು. ಮೇಲಿಂದ ಅದೇ ಜೇನಿನ ದನಿ: “ಅಣ್ಣಾ, ಆ ಸೆಟ್ಟು ಮಾರಾಟಕ್ಕಿಲ್ಲ. ಬೇಕಿದ್ರೆ ಮಾರೋರನ್ನ ಕರ್ಕೊಂಡು ಹೋಗಿ.”

ಲಾಡ್ಜಿನವರು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನಿಧಾನವಾಗಿ ನೋಡಿದರು. ಆಮೇಲೆ ಸ್ಪೀಕರಿನ ಹತ್ತಿರ ಬಗ್ಗಿ ಕೇಳಿದರು:

“ಊಟ ಎಷ್ಟು ಮಾಡ್ತಾರಮ್ಮ?”