ಅನಗತ್ಯ ವಸ್ತು: ಒಂದು

ಫೋಟೊ ತಿದ್ದುವ ತಂತ್ರಾಂಶವನ್ನು ನಂಬಲಾಗದಷ್ಟು ಅಗ್ಗಕ್ಕೆ ಮಾರುತ್ತಿರುವ ಮಾನ್ಯರೇ,

ತಮ್ಮ ಹೆಸರು, ಊರು, ಫೋನ್ ನಂಬರು ಯಾವುದನ್ನೂ ಜಾಲತಾಣದಲ್ಲಿ ಹಾಕಿಕೊಳ್ಳದಷ್ಟು ಸಂಕೋಚದ ಸ್ವಭಾವದವರು ತಾವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಗಿ ಬಂದಿದೆ. ಎಲ್ಲಿದ್ದರೂ ಕ್ಷೇಮವಾಗಿದ್ದೀರೆಂದು ನಂಬಿ ಅನಂತ ವಂದನೆಗಳನ್ನು ಅರ್ಪಿಸುತ್ತೇನೆ.

ಬೇರೆಯವರು ವರ್ಷ ವರ್ಷವೂ ಬಾಡಿಗೆಯಂತೆ ವಸೂಲಿ ಮಾಡುವ ಸರಕನ್ನು ತಾವು ಒಂದು ಲೋಟ ಕಾಫಿಯ ಬೆಲೆಗೆ, ಅದೂ ಜೀವನಪರ್ಯಂತ, ಕೊಡುತ್ತಿದ್ದೀರಿ. ಯಾರ ಜೀವನಪರ್ಯಂತ ಎಂಬುದನ್ನು ಮಾತ್ರ ಹೇಳಿಲ್ಲ. ರಿಯಾಯಿತಿ ಹತ್ತೇ ನಿಮಿಷದಲ್ಲಿ ಮುಗಿಯುತ್ತದೆಂದು ಹೆದರಿಸುವ ಗಡಿಯಾರ ಸೊನ್ನೆ ಮುಟ್ಟಿದರೆ ಏನಾಗುತ್ತದೋ ಎಂದು ಉಸಿರು ಬಿಗಿಹಿಡಿದು ಕೂತಿದ್ದೆ; ಅದು ಮತ್ತೆ ಹತ್ತರಿಂದ ಶುರುವಾಯಿತು. ಇಂಥ ಕರುಣೆಯನ್ನು ನಾನು ಯಾವ ಕಚೇರಿಯ ಕಿಟಕಿಯಲ್ಲೂ ಕಂಡವನಲ್ಲ. ಇನ್ನು ತಮ್ಮ ತೃಪ್ತ ಗ್ರಾಹಕಿಯಾಗಿ ನಗುತ್ತಿರುವ ಮಹಿಳೆಯನ್ನು ನಾನು ಬಲ್ಲೆ. ಕೆಲವು ವರ್ಷಗಳ ಹಿಂದೆ ಕಂಪ್ಯೂಟರಿನ ವೇಗ ಹೆಚ್ಚಿಸುವ ತಂತ್ರಾಂಶವೊಂದನ್ನು ಹೊಗಳುವಾಗ ಆಕೆ ಹಲ್ಲಿನ ವೈದ್ಯೆಯಾಗಿದ್ದರು. ಈಗ ಮದುವೆ ಫೋಟೊಗ್ರಾಫರ್ ಆಗಿದ್ದಾರೆ. ವೃತ್ತಿ ಬದಲಿಸಿದರೂ ಅಂಗಿ ಬದಲಿಸದ ಅವರ ಸರಳತೆಗೆ ನಮಸ್ಕಾರ. ಆ ತಂತ್ರಾಂಶ ಹಾಕಿಕೊಂಡಂದಿನಿಂದ ನಮ್ಮ ಕಂಪ್ಯೂಟರ್ ಕಣ್ಣು ಬಿಡುವಷ್ಟರಲ್ಲಿ ನನ್ನ ಸ್ನಾನ ಮುಗಿದಿರುತ್ತದೆ.

ಇಷ್ಟೆಲ್ಲ ನೆನಪಿದ್ದೂ ಕೊಳ್ಳಲೋ ಬೇಡವೋ ಎಂದು ನಾನು ತೊಳಲಾಡಿದ್ದು ಒಂದು ಫೋಟೊದ ಸಲುವಾಗಿ. ನಮ್ಮ ಮನೆಯಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದವಳು ಅಮ್ಮ. ಬೇರೆಯವರು ಬೀಳಿಸುತ್ತಾರೆಂದು ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲವಾದ್ದರಿಂದ, ಅವಳು ಹೋದ ಮೇಲೆ ಹುಡುಕಿದರೆ ಅವಳದೊಂದೂ ಫೋಟೊ ನಮ್ಮಲ್ಲಿಲ್ಲ; ಗುರುತಿನ ಚೀಟಿಯಲ್ಲಿರುವ ಹೆಂಗಸನ್ನು ಅಮ್ಮನೆಂದು ಗುರುತಿಸಲು ಮಕ್ಕಳಾದ ನಮಗೇ ಕಷ್ಟ. ಬೆಳಕು ಯಾವಾಗಲೂ ಫೋಟೊ ತೆಗೆಯುವವರ ಬೆನ್ನಿಗಿರಬೇಕೆಂದು ಕ್ಯಾಮೆರಾ ಜೊತೆ ಬಂದ ಪುಸ್ತಿಕೆಯಲ್ಲಿ ಓದಿ, ಅದನ್ನು ಕಾನೂನಿನಂತೆ ಪಾಲಿಸಿದವಳು ಅವಳು. ಹಾಗಾಗಿ ನಾನೂ ಅಕ್ಕನೂ ಬಾಲ್ಯವಿಡೀ ಬಿಸಿಲಿಗೆ ಕಣ್ಣು ಕಿವುಚಿಕೊಂಡೇ ನಿಂತೆವು. ಒಂದು ಸಂಜೆ ಹಿತ್ತಲ ಗೋಡೆಯ ಮುಂದೆ ತೆಗೆದ ಫೋಟೊದಲ್ಲಿ ಅವಳ ನೆರಳು ನಮ್ಮ ಕಾಲಿನವರೆಗೂ ಚಾಚಿಕೊಂಡಿತ್ತು: ಮೊಣಕೈ ಎರಡೂ ಎತ್ತಿ, ಎರಡು ಹಿಡಿಯ ಹೂಜಿಯ ಹಾಗೆ. ಅಪ್ಪ ಅದನ್ನು ಹಾಳಾದ ಫೋಟೊ ಎಂದರು. ಅಕ್ಕ ಅದಕ್ಕೇ ಕಟ್ಟು ಹಾಕಿಸಿಟ್ಟುಕೊಂಡಳು.

ಗೋಡೆಯ ತೇವ ತಗಲಿ ಫೋಟೊ ಗಾಜಿಗೆ ಅಂಟಿಕೊಂಡಿತು. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ, ಆಮೇಲೆ ಬಿಡಿಸಹೋದಾಗ ಕೆಳಗಿನ ಅರ್ಧ ಪುಡಿಪುಡಿಯಾಯಿತು. ಹೀಗೆ ನೆರಳು ಉಳಿದದ್ದು ಸ್ಕ್ಯಾನ್ ಪ್ರತಿಯಲ್ಲಷ್ಟೆ. ಅದರ ಮೇಲಿನ ತೇವದ ಕಲೆ ಹೋದರೆ ದೊಡ್ಡದಾಗಿ ಮಾಡಿಸಿ ತೂಗುಹಾಕಬೇಕೆಂಬುದು ಅಕ್ಕನ ಆಸೆ. ತಮ್ಮ ಜಾಹೀರಾತು ಕಂಡ ಭಾವನವರು, “ಇಷ್ಟು ಕಮ್ಮಿಗೆ ಕೊಡ್ತಾರೆ ಅಂದ್ರೆ ಧರ್ಮಾತ್ಮರೇ ಇರ್ಬೇಕು ಕಣಯ್ಯಾ. ಮೊದಲು ಒಂದು ಬಿಟ್ಟಿ ಮಾಡಿ ತೋರಿಸ್ತಾರಂತೆ, ಸುಮ್ನೆ ಒತ್ತು” ಎಂದರು. ಒತ್ತಿದೆ.

ತಮ್ಮ ಕೈಚಳಕವನ್ನು ಎಷ್ಟು ಹೊಗಳಿದರೂ ಸಾಲದು. ಕಲೆ ಹೋಯಿತು. ನನ್ನ ಕಣ್ಣುಗಳು ಅಗಲವಾಗಿ ತೆರೆದವು. ಅವು ನನ್ನವಲ್ಲ, ಯಾರವೆಂದು ತಿಳಿಸಿದರೆ ಮರಳಿಸುತ್ತೇನೆ. ಅಕ್ಕನಿಗೆ ಬಿದ್ದುಹೋಗಿದ್ದ ಮುಂದಿನ ಹಲ್ಲು ಹುಟ್ಟಿತು. ಕೆಳಗೆ “ಅನಗತ್ಯ ವಸ್ತು: ಒಂದು. ತೆಗೆದುಹಾಕಲಾಗಿದೆ” ಎಂಬ ಸಾಲು ಮೂಡಿತು. ನೆಲ ಆಗಷ್ಟೇ ಗುಡಿಸಿದಂತೆ ಚೊಕ್ಕಟವಾಗಿತ್ತು. “ಲೋ, ಅಮ್ಮನ್ನ ಎಲ್ಲೋ ಕಳಿಸ್ಬಿಟ್ಟೆ?” ಎಂದಳು ಅಕ್ಕ. ಭಾವನವರು ಕನ್ನಡಕ ಒರೆಸತೊಡಗಿದರು.

ನಮ್ಮ ಅನುಕೂಲಕ್ಕೆಂದೇ ತಾವು ಹಳೆಯ ಪ್ರತಿಯ ಮೇಲೆಯೇ ಹೊಸದನ್ನು ಉಳಿಸಿದ್ದೀರಿ, ಹಳೆಯದು ವಾಪಸು ಬೇಕಿದ್ದರೆ ಪೂರ್ಣ ಆವೃತ್ತಿ ಕೊಳ್ಳಿರೆಂದು ಸೂಚಿಸಿದ್ದೀರಿ. ಹಿಂದೆ ಈ ಕಸುಬು ಮಾಡುವವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು ಬಾಯಿಗೆ ಬಂದಷ್ಟು ಕೇಳುತ್ತಿದ್ದರು. ತಾವು ಹಾಡಹಗಲೇ, ರಿಯಾಯಿತಿ ಸಮೇತ ಕೇಳುತ್ತಿದ್ದೀರಿ. ನಾಗರಿಕತೆ ಬೆಳೆದಿಲ್ಲವೆಂದು ಯಾರು ಹೇಳಿಯಾರು?

ಆದ್ದರಿಂದ ಕೊಳ್ಳಲು ತೀರ್ಮಾನಿಸಿದ್ದೇನೆ. ತಾವು ಮೋಸಗಾರರೆಂಬ ಬಗ್ಗೆ ನನಗೆ ಅನುಮಾನವೇ ಇಲ್ಲ. ಅನುಮಾನವಿದ್ದಿದ್ದರೆ ಇನ್ನೂ ಯೋಚಿಸುತ್ತ ಕೂರುತ್ತಿದ್ದೆ. ನನ್ನ ಬಿನ್ನಹ ಇಷ್ಟೇ: ಕಲೆ ಬೇಕಾದರೆ ಇರಲಿ, ಅಕ್ಕನ ಹಲ್ಲಿನ ಸಂದಿಯೂ ಇರಲಿ, ಇನ್ನು ಮುಂದೆ ಒಂದು ನೆರಳನ್ನು ಅಳಿಸುವ ಮೊದಲು ಅದು ಯಾರದೆಂದು ಮನೆಯವರನ್ನೊಮ್ಮೆ ವಿಚಾರಿಸುವ ಕೃಪೆಯಾಗಲಿ. ಭಾವನವರ ಹೊಟ್ಟೆಯನ್ನು ಅನಗತ್ಯ ವಸ್ತುವೆಂದು ಪರಿಗಣಿಸಲು ಕುಟುಂಬದ ತಕರಾರಿಲ್ಲ.

ಬೇರೆ ದಾರಿ ಕಾಣದೆ ತಮ್ಮನ್ನೇ ನಂಬಿರುವ,
ತಮ್ಮ ವಿಶ್ವಾಸಿ,
ಕಣ್ಣು ಕಿವುಚಿಕೊಂಡ ಒಬ್ಬ ನಾಗರಿಕ

ತಾಜಾ ಕಲಂ: ಹಣ ಕಟ್ಟಿದೆ, ನೆರಳು ಬಂತು. ಜೊತೆಗೆ ತಮ್ಮ ತಂತ್ರಾಂಶ ಕೇಳದೆಯೇ ನಮ್ಮ ಹಳೆಯ ಫೋಟೊಗಳನ್ನೆಲ್ಲ ತಡಕಾಡಿ, ಅದೇ ಅನಗತ್ಯ ವಸ್ತು ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆಯೆಂದು ಕೆಂಪು ಸುತ್ತು ಎಳೆದು ತೋರಿಸಿದೆ: ಒಂದರಲ್ಲಿ ಮೆಟ್ಟಿಲ ಮೂಲೆಯಲ್ಲಿ ನೆರಳಿನ ತಲೆ, ಇನ್ನೊಂದರಲ್ಲಿ ಹುಲ್ಲಿನ ಮೇಲೆ ಬರೀ ಒಂದು ಮೊಣಕೈ. ಇಷ್ಟು ವರ್ಷ ನಾವು ನಮ್ಮ ನಮ್ಮ ಮುಖ ನೋಡಿಕೊಳ್ಳುವುದರಲ್ಲೇ ಇದ್ದೆವು. ಈ ಉಪಕಾರವನ್ನು ಮರೆಯುವಂತಿಲ್ಲ. ಆದರೆ “ಎಲ್ಲವನ್ನೂ ಒಮ್ಮೆಲೇ ತೆಗೆದುಹಾಕಲೇ?” ಎಂಬ ಪ್ರಶ್ನೆಯ ಕೆಳಗೆ ತಾವಿಟ್ಟಿರುವ ಗುಂಡಿಗಳು ಎರಡೇ: ‘ಹೌದು’ ಮತ್ತು ‘ಸ್ವಲ್ಪ ಹೊತ್ತು ಬಿಟ್ಟು ಕೇಳು’. ‘ಬೇಡ’ ಎಂಬ ಗುಂಡಿಯನ್ನು ತಾವು ಕಳಿಸಿಕೊಡುವ ತನಕ ಇರಲಿ ಎಂದು, ಅಕ್ಕ ಕಂಪ್ಯೂಟರಿನ ವೈರು ಕಿತ್ತು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ.